ಆಕಾಶಕ್ಕೆ ಮರಳಲಾರದ ಗಿಳಿ

ಕ್ರಿ.ಶ. 1623ರ ಆರಂಭದಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯು ಗುಜರಾತಿನ ಬಂದರುನಗರವಾದ ಖಂಭಾತಕ್ಕೆ ಬಂದನು. ಅದೇ ವರ್ಷದ ಕೊನೆಗೆ ಕನ್ನಡ ನಾಡನ್ನೂ ಸಂದರ್ಶಿಸಿ, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡವನು, ತುಳುನಾಡಿನ ಜೈನ ಅರಸುಮನೆತನವಾದ ಚೌಟರ ಉಳ್ಳಾಲದ ರಾಣಿಯನ್ನು ಭೇಟಿಯಾಗಿ ಆಕೆಯ ಸರಳ ಉಡುಗೆಯನ್ನು ವರ್ಣಿಸಿದವನು ಈತನೇ. ಆದುದರಿಂದ ನಮ್ಮ ನಾಡಿನ ಇತಿಹಾಸವನ್ನು ಬಲ್ಲವರಿಗೆ ಇವನ ಹೆಸರು ಅಪರಿಚಿತವಲ್ಲ. ಆದರೆ ಖಂಭಾತದಲ್ಲಿ ಇವನನ್ನು ಬೆರಗುಗೊಳಿಸಿದ್ದು ಅರಮನೆಯಲ್ಲ, ಪಕ್ಷಿಗಳ ಒಂದು ಆಸ್ಪತ್ರೆ.

ರೋಗದಿಂದ ನರಳುವ, ಕಾಲು ಕುಂಟಾದ, ಜೊತೆಯನ್ನು ಕಳೆದುಕೊಂಡ ನಾನಾ ಜಾತಿಯ ಹಕ್ಕಿಗಳನ್ನು ಅಲ್ಲಿ ಸಾರ್ವಜನಿಕ ದಾನದಿಂದ ಪೋಷಿಸುತ್ತಿದ್ದರು. ತಾಯಿಯಿಲ್ಲದ ಇಲಿಮರಿಗಳನ್ನು ಹತ್ತಿಯೊಳಗಿಟ್ಟು, ಬಿಳಿಗಡ್ಡದ ವೃದ್ಧನೊಬ್ಬನು ಕನ್ನಡಕವನ್ನು ಧರಿಸಿ, ಹಕ್ಕಿಯ ಗರಿಯ ತುದಿಯಿಂದ ಹಾಲುಣಿಸುತ್ತಿದ್ದ ದೃಶ್ಯವನ್ನೂ ಈ ಪ್ರವಾಸಿ ದಾಖಲಿಸಿದ್ದಾನೆ. ಓದುಗರ ಮನಸ್ಸು ಸಹಜವಾಗಿ ಆ ವೃದ್ಧನಲ್ಲಿಯೇ ನಿಲ್ಲುತ್ತದೆ. ಆದರೆ ಅದೇ ಬರಹದಲ್ಲಿ ಇನ್ನೊಂದು ಸಣ್ಣ ವಿವರವಿದೆ. ಗುಣಹೊಂದಿದ ಹಕ್ಕಿಯು ಕಾಡಿನದಾಗಿದ್ದರೆ ಅದನ್ನು ಸ್ವತಂತ್ರವಾಗಿ ಬಿಟ್ಟುಬಿಡುತ್ತಿದ್ದರು. ಮನೆಯಲ್ಲಿ ಬೆಳೆದ ಹಕ್ಕಿಯಾಗಿದ್ದರೆ ಅದನ್ನು ಧರ್ಮಿಷ್ಠನಾದ ಯಾರಾದರೊಬ್ಬನ ಮನೆಗೆ ಒಪ್ಪಿಸುತ್ತಿದ್ದರು.

ಇಲ್ಲಿ ಎರಡು ಮಾರ್ಗಗಳಿವೆ. ಯಾವ ಹಕ್ಕಿಗೆ ಯಾವ ಮಾರ್ಗವೆಂಬುದನ್ನು ನಿರ್ಧರಿಸುತ್ತಿದ್ದುದು ಸಾಕುವವರ ಆಸೆಯಲ್ಲ, ಆ ಹಕ್ಕಿಯ ಸ್ಥಿತಿ. ಸುಮಾರು 400 ವರ್ಷಗಳ ಹಿಂದಿನ ಈ ನಿಯಮವು ಇಂದು ಮುಪ್ಪಿನ ಗಿಳಿಯೊಂದನ್ನು ಮನೆಗೆ ತರಲು ಯೋಚಿಸುವ ಶ್ರಾವಕ ಕುಟುಂಬಕ್ಕೂ, ಪರ್ವದಿನಗಳಲ್ಲಿ ಜೀವದಯೆಗಾಗಿ ಹಣವನ್ನು ವಿನಿಯೋಗಿಸುವ ಬಸದಿಯ ಆಡಳಿತ ಮಂಡಲಿಗೂ ದಾರಿ ತೋರಿಸಬಲ್ಲದು. ಅದಕ್ಕೆ ಮೊದಲು ಗಿಳಿಯ ವಿಷಯದಲ್ಲಿ ಭಾರತೀಯ ದಯಾಪರಂಪರೆಯು ನಡೆದುಬಂದ ದಾರಿಯನ್ನು ಅರಿಯುವುದು ಉಚಿತ.

ಕೊಲ್ಲಬಾರದು ಎಂಬಲ್ಲಿಂದ ಕಟ್ಟಬಾರದು ಎಂಬಲ್ಲಿಗೆ

ಅಶೋಕ ಚಕ್ರವರ್ತಿಯು ತನ್ನ ಪಟ್ಟಾಭಿಷೇಕವಾಗಿ 26 ವರ್ಷಗಳಾದಾಗ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಒಂದು ಪಟ್ಟಿಯಿದೆ. ಆ ಪಟ್ಟಿಯ ಮೊದಲನೆಯ ಹೆಸರು ಗಿಳಿ, ಎರಡನೆಯದು ಶಾರಿಕೆ, ಎಂದರೆ ಮೈನಾ. ಈ ಶಾಸನವುಳ್ಳ ಸ್ತಂಭಗಳಲ್ಲಿ ಒಂದನ್ನು 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ತೋಪ್ರಾ ಎಂಬಲ್ಲಿಂದ ದೆಹಲಿಗೆ ಸಾಗಿಸಿದನು. ಅದು ಇಂದಿಗೂ ಫಿರೋಜ್ ಷಾ ಕೋಟ್ಲಾದಲ್ಲಿ ನಿಂತಿದೆ. ರಾಜಾಜ್ಞೆಯಿಂದ ಅಭಯ ಪಡೆದ ಜೀವಿಗಳ ಸಾಲಿನಲ್ಲಿ ಗಿಳಿಯೇ ಮೊದಲು ನಿಂತಿರುವುದು ಗಮನಾರ್ಹ. ಆದರೆ ಆ ಪಟ್ಟಿಯು ಗಿಳಿಯನ್ನು ವಧೆಯಿಂದ ಕಾಪಾಡಿತೇ ಹೊರತು ಪಂಜರದಿಂದ ಕಾಪಾಡುವ ಮಾತನ್ನು ಆಡಲಿಲ್ಲ.

ಆ ಮುಂದಿನ ಹೆಜ್ಜೆಯನ್ನು ಇಟ್ಟದ್ದು ಜೈನ ಶ್ರಾವಕಾಚಾರ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕರ್ಣಾಟಕದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಬಂಧವೆಂದರೆ ಜೀವಿಯು ತಾನು ಬಯಸಿದ ಸ್ಥಳಕ್ಕೆ ಹೋಗದಂತೆ ತಡೆಯುವುದೆಂದು ವಿವರಿಸಿದ್ದಾರೆ. ಈ ವಿವರಣೆಯನ್ನು ಗಿಳಿಯ ಪಂಜರದ ಮುಂದೆ ನಿಂತು ಓದಿದರೆ ಅದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಹಾರಿಹೋಗದಿರಲೆಂದು ರೆಕ್ಕೆಯ ಗರಿಗಳನ್ನು ಕತ್ತರಿಸುವಾಗ ಛೇದದ ನೆನಪಾಗಬೇಕು. ಹಣ್ಣು, ಸೊಪ್ಪು, ಚಿಗುರುಗಳನ್ನು ತಿಂದು ಬದುಕಬೇಕಾದ ಹಕ್ಕಿಗೆ ವರ್ಷಗಟ್ಟಲೆ ಒಣಬೀಜವನ್ನೋ ಮೆಣಸಿನಕಾಯಿಯನ್ನೋ ಮಾತ್ರ ಹಾಕುತ್ತ ಬರುವುದು ಅನ್ನಪಾನನಿರೋಧದಿಂದ ಬಹುದೂರವೇನೂ ಅಲ್ಲ. ಪ್ರೀತಿಯಿಂದಲೇ ಸಾಕಿದ ಗಿಳಿಯ ವಿಷಯದಲ್ಲಿಯೂ ಐದರಲ್ಲಿ ಮೂರು ಅತಿಚಾರಗಳು ಹೀಗೆ ಅರಿವಿಲ್ಲದೆ ಸಂಭವಿಸುತ್ತವೆ.

ಗಿಳಿಯ ಹೆಸರನ್ನೇ ಹಿಡಿದು ನಿಷೇಧಿಸಿದ ಆಚಾರ್ಯರೂ ಉಂಟು. 12ನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಶ್ರಾವಕನು ತ್ಯಜಿಸಬೇಕಾದ 15 ವೃತ್ತಿಗಳನ್ನು ವಿವರಿಸುವಾಗ, ಅಸತೀಪೋಷಣ ಎಂಬ ದೋಷದಡಿಯಲ್ಲಿ ಶಾರಿಕೆ, ಗಿಳಿ, ಬೆಕ್ಕು, ನಾಯಿ, ಕೋಳಿ, ನವಿಲುಗಳನ್ನು ಹಣಕ್ಕಾಗಿ ಸಾಕುವುದನ್ನು ಸೇರಿಸಿದ್ದಾರೆ. ದಿಗಂಬರ ಪರಂಪರೆಯಲ್ಲಿ 13ನೆಯ ಶತಮಾನದ ಪಂಡಿತ ಆಶಾಧರನ ಸಾಗಾರಧರ್ಮಾಮೃತವೂ ಈ ದೋಷವನ್ನು ಕ್ರೂರ ವೃತ್ತಿಗಳ ಸಾಲಿನಲ್ಲಿಯೇ ಎಣಿಸುತ್ತದೆ. ಇಲ್ಲಿ ಹಣಕ್ಕಾಗಿ ಎಂಬ ಮಾತು ಮುಖ್ಯ. ನಿಷಿದ್ಧವಾದುದು ಜೀವಿಯ ಪೋಷಣೆಯಲ್ಲ, ಜೀವಿಯನ್ನು ಸರಕಾಗಿ ಕಾಣುವ ಪೋಷಣೆ. ಅನಾಥ ಹಕ್ಕಿಯೊಂದನ್ನು ಸಲಹುವವನಿಗೂ ಹಕ್ಕಿಯ ಅಂಗಡಿಯವನಿಗೂ ಇರುವ ಅಂತರವನ್ನು ಶಾಸ್ತ್ರಕಾರರು 800 ವರ್ಷಗಳ ಹಿಂದೆಯೇ ಗುರುತಿಸಿದ್ದರು.

ಕನ್ನಡಿಗರಿಗೆ ಪಕ್ಷಿಯ ಆತ್ಮದ ವಿಚಾರವನ್ನು ಮನಮುಟ್ಟುವಂತೆ ತಿಳಿಸಿದ್ದು 1209ರಲ್ಲಿ ರಚಿತವಾದ ಜನ್ನನ ಯಶೋಧರಚರಿತೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯಿಂದಾಗಿ ತಾಯಿ ಮತ್ತು ಮಗ ತಿರ್ಯಗ್ಜನ್ಮಗಳಲ್ಲಿ ತೊಳಲಿ, ಕೊನೆಗೆ ಕೋಳಿಗಳಾಗಿ ಹುಟ್ಟಿದಾಗ ಮುನಿಯ ಉಪದೇಶ ಕಿವಿಗೆ ಬಿದ್ದು ಪೂರ್ವಜನ್ಮಗಳ ಸ್ಮರಣೆಯನ್ನು ಪಡೆಯುತ್ತಾರೆ. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚ ಜೀವಿಯು ಸಮ್ಯಕ್ತ್ವವನ್ನೂ ಅಣುವ್ರತಗಳನ್ನೂ ಹೊಂದಬಲ್ಲದೆಂಬ ಸಿದ್ಧಾಂತವೇ ಈ ಕಥೆಗೆ ಆಧಾರ. ತೀರ್ಥಂಕರರ ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಒಂದು ಕೋಷ್ಠವಿದೆ. ಹೀಗಿರುವಾಗ ಗಿಳಿಯನ್ನು ಮನುಷ್ಯನ ಮಾತನ್ನು ಅನುಕರಿಸುವ ವಿನೋದದ ವಸ್ತುವೆಂದು ಎಣಿಸುವುದು ಅಜ್ಞಾನವೇ ಸರಿ.

ಪಾಂಜರಾಪೋಳದಿಂದ ಪಕ್ಷಿಗಳ ಆಸ್ಪತ್ರೆಗೆ

ಖಂಭಾತದ ಆಸ್ಪತ್ರೆಯನ್ನು ಕಂಡವರಲ್ಲಿ ದೆಲ್ಲಾ ವಾಲ್ಲೆ ಮೊದಲಿಗನಲ್ಲ. 1583ರಿಂದ 1591ರವರೆಗೆ ಪೂರ್ವದೇಶಗಳಲ್ಲಿ ಸಂಚರಿಸಿದ ಇಂಗ್ಲಿಷ್ ವರ್ತಕ ರಾಲ್ಫ್ ಫಿಚ್ ಕೂಡ ಖಂಭಾತದಲ್ಲಿ ಪಶುಪಕ್ಷಿಗಳ ಆಸ್ಪತ್ರೆಗಳಿದ್ದುದನ್ನು ಬರೆದಿದ್ದಾನೆ. ಸರಿಸುಮಾರು ಅದೇ ಕಾಲಕ್ಕೆ, 1583ರಲ್ಲಿ, ಆಚಾರ್ಯ ಹೀರವಿಜಯ ಸೂರಿಗಳು ಗುಜರಾತಿನಿಂದ ಪಾದಚಾರಿಗಳಾಗಿ ಫತೇಪುರ ಸಿಕ್ರಿಗೆ ಬಂದು ಅಕ್ಬರನನ್ನು ಕಂಡರು. ಅವರ ಉಪದೇಶದ ಫಲವಾಗಿ ಪರ್ಯೂಷಣ ಪರ್ವದ ದಿನಗಳಲ್ಲಿ ಪ್ರಾಣಿವಧೆ ನಿಂತಿತು, ಪಂಜರದ ಹಕ್ಕಿಗಳಿಗೆ ಬಿಡುಗಡೆಯಾಯಿತು. ಆಚಾರ್ಯರು ಬಾದಶಹನಿಂದ ಬೇಡಿದ್ದು ತಮಗಾಗಿ ಏನೂ ಅಲ್ಲ, ಮೂಕಜೀವಿಗಳಿಗೆ ಅಭಯ ಮಾತ್ರ.

ಗುಜರಾತಿನ ಜೈನ ಹಾಗೂ ವೈಷ್ಣವ ವರ್ತಕರ ಮಹಾಜನ ಸಂಘಗಳು ಶತಮಾನಗಳ ಕಾಲ ನಡೆಸಿಕೊಂಡು ಬಂದ ಇಂಥ ಆಶ್ರಯಗಳಿಗೆ ಪಾಂಜರಾಪೋಳ ಎಂದು ಹೆಸರು. 1832ರಲ್ಲಿ ಮುಂಬಯಿಯ ಬ್ರಿಟಿಷ್ ಆಡಳಿತವು ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ನಗರದಲ್ಲಿ ಗಲಭೆಯೇ ಆಯಿತು. ಅದಾದ ಎರಡು ವರ್ಷಗಳಿಗೆ, 1834ರಲ್ಲಿ, ಪಾರಸಿ ದಾನಿ ಜಮ್‌ಷೇಟ್‌ಜಿ ಜೀಜೀಭಾಯಿ ಮತ್ತು ಜೈನ ಶ್ರೇಷ್ಠಿಗಳು ಕೂಡಿ ಮುಂಬಯಿಯ ಪಾಂಜರಾಪೋಳವನ್ನು ಸ್ಥಾಪಿಸಿದರು. ಮೈಸೂರಿನಲ್ಲಿಯೂ ಇದೇ ಹೆಸರಿನ ಸಂಸ್ಥೆಯೊಂದು ಜಾನುವಾರುಗಳನ್ನು ಸಲಹುತ್ತ ಬಂದಿದೆ. ಪಂಜರವೆಂಬ ಶಬ್ದವೇ ಈ ಹೆಸರಿನೊಳಗಿದ್ದರೂ ಅದರ ಅರ್ಥ ಇಲ್ಲಿ ಬದಲಾಗಿದೆ. ಇದು ಹೊರಗೆ ಬದುಕಲಾರದ ಜೀವಿಗೆ ಕಟ್ಟಿದ ಆವರಣ, ಹೊರಗೆ ಬದುಕಬಲ್ಲ ಜೀವಿಯನ್ನು ಹಿಡಿದಿಡುವ ಆವರಣವಲ್ಲ.

ಈ ಪರಂಪರೆಯ ಅತ್ಯಂತ ಪ್ರಸಿದ್ಧ ಕುಡಿ ದೆಹಲಿಯ ಚಾಂದನಿ ಚೌಕದಲ್ಲಿ, ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿದೆ. ಗಿಳಿಗೆ ಅಭಯವಿತ್ತ ಅಶೋಕನ ಸ್ತಂಭ ಅಲ್ಲಿಂದ ದೂರವೇನೂ ಇಲ್ಲ. 1929ರಲ್ಲಿ ಆರಂಭವಾದ ಈ ಪಕ್ಷಿಗಳ ಆಸ್ಪತ್ರೆಯು 1957ರಲ್ಲಿ ಆಚಾರ್ಯ ದೇಶಭೂಷಣ ಮಹಾರಾಜರ ಪ್ರೇರಣೆಯಿಂದ ಹೊಸ ಕಟ್ಟಡವನ್ನು ಪಡೆಯಿತು. ದೇಶಭೂಷಣ ಮಹಾರಾಜರು ಬೆಳಗಾವಿ ಜಿಲ್ಲೆಯ ಕೋಥಳಿಯಲ್ಲಿ ಜನಿಸಿದವರು, ಕನ್ನಡದ ಜೈನಕೃತಿಗಳನ್ನು ಹಿಂದಿಗೆ ತಂದವರು. ರಾಜಧಾನಿಯ ಪಕ್ಷಿಗಳಿಗೆ ಸೂರು ದೊರಕಿದುದರಲ್ಲಿ ಕನ್ನಡ ನೆಲದ ಯತಿಯೊಬ್ಬರ ಕರುಣೆಯೂ ಸೇರಿದೆಯೆಂಬುದು ಸಂತೋಷದ ಸಂಗತಿ.

ಗಾಳಿಪಟದ ಗಾಜುಲೇಪದ ದಾರಕ್ಕೆ ಸಿಕ್ಕಿ ರೆಕ್ಕೆ ಸೀಳಿದ ಪಾರಿವಾಳಗಳು, ಬಿಸಿಲಿನ ಝಳಕ್ಕೆ ಬಸವಳಿದು ಬಿದ್ದ ಗಿಳಿಗಳು, ಬೀಸಣಿಗೆಗೆ ಬಡಿದ ಗುಬ್ಬಿಗಳು ಇಲ್ಲಿಗೆ ಬರುತ್ತವೆ. ಚಿಕಿತ್ಸೆಗೆ ಶುಲ್ಕವಿಲ್ಲ. ಗುಣಹೊಂದಿದ ಹಕ್ಕಿಯನ್ನು ಮಾಳಿಗೆಯಿಂದ ಆಕಾಶಕ್ಕೆ ಬಿಡುತ್ತಾರೆ. ಮಾಂಸಾಹಾರಿ ಪಕ್ಷಿಗಳನ್ನು ಇತರ ಹಕ್ಕಿಗಳ ನಡುವೆ ಇರಿಸದೆ ಬೇರೆಯಾಗಿ ಉಪಚರಿಸುವ ಪದ್ಧತಿಯೂ ಇಲ್ಲಿ ಬೆಳೆದುಬಂದಿತು. ಒಂದು ಜೀವಕ್ಕೆ ಕೊಡುವ ಆಶ್ರಯವು ಇನ್ನೊಂದು ಜೀವಕ್ಕೆ ಭಯವಾಗಬಾರದೆಂಬ ವಿವೇಕ ಇದರಲ್ಲಿದೆ. ಮನೆಯಲ್ಲಿ ಈಗಾಗಲೇ ಹಕ್ಕಿಗಳಿರುವವರು ಈ ವಿವೇಕವನ್ನು ಮರೆಯುವಂತಿಲ್ಲ.

ದಯೆಯೇ ವ್ಯಾಪಾರವನ್ನು ಪೋಷಿಸಿದಾಗ

ಪರ್ಯೂಷಣದಲ್ಲಿಯೋ ಮಹಾವೀರ ಜಯಂತಿಯಂದೋ ಪೇಟೆಯಿಂದ ಹಕ್ಕಿಗಳನ್ನು ಕೊಂಡುತಂದು ಹಾರಿಬಿಡುವ ರೂಢಿ ಹಲವೆಡೆ ಬೆಳೆದಿತ್ತು. ಅದರ ಹಿಂದಿನ ಭಾವನೆ ಪವಿತ್ರವೇ. ಆದರೆ ಕೊಳ್ಳುವವರು ಇದ್ದಾರೆಂದು ತಿಳಿದ ಬೇಟೆಗಾರನು ಮುಂದಿನ ಪರ್ವಕ್ಕೆ ಇನ್ನಷ್ಟು ಬಲೆಗಳನ್ನು ಹಾಸುತ್ತಾನೆ. ಮರದ ಪೊಟರೆಯಿಂದ ಕಿತ್ತುತಂದ ಗಿಳಿಮರಿಗಳಲ್ಲಿ ಕೆಲವು ಪೇಟೆಗೆ ಬರುವ ಮುನ್ನವೇ ಸಾಯುತ್ತವೆ. ಅಭಯದಾನಕ್ಕೆಂದು ಕೊಟ್ಟ ಹಣವು ಹೀಗೆ ಹೇಮಚಂದ್ರರು ನಿಷೇಧಿಸಿದ ವೃತ್ತಿಗೇ ಬಂಡವಾಳವಾಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು 1991ರ ತಿದ್ದುಪಡಿಯ ನಂತರ ಭಾರತದ ಕಾಡುಹಕ್ಕಿಗಳನ್ನು ಹಿಡಿಯುವುದೂ ಮಾರುವುದೂ ನಿಷಿದ್ಧವಾಯಿತು. ಕೊರಳಲ್ಲಿ ಗುಲಾಬಿ ಪಟ್ಟಿಯುಳ್ಳ ನಮ್ಮ ಸಾಮಾನ್ಯ ಗಿಳಿಯನ್ನಾಗಲಿ, ರೆಕ್ಕೆಯಲ್ಲಿ ಕೆಂಪು ಮಚ್ಚೆಯಿರುವ ದೊಡ್ಡ ಗಿಳಿಯನ್ನಾಗಲಿ ಮನೆಯಲ್ಲಿ ಸಾಕುವುದು ಅಪರಾಧ. ಶಾಸ್ತ್ರವು ಬಂಧವೆಂದು ಕರೆದುದನ್ನು ಕಾನೂನೂ ಕೊನೆಗೆ ದೋಷವೆಂದು ಒಪ್ಪಿತು. ಬಹುಕಾಲ ಪಂಜರದಲ್ಲಿದ್ದ ಇಂಥ ಗಿಳಿಯನ್ನು ಬಾಗಿಲು ತೆರೆದು ಓಡಿಸಿಬಿಡುವುದೂ ದಯೆಯಲ್ಲ. ಹಾರುವ ಬಲ ಕುಂದಿದ, ಆಹಾರ ಹುಡುಕಲು ಅರಿಯದ ಆ ಹಕ್ಕಿ ಕಾಗೆ ಹದ್ದುಗಳಿಗೆ ತುತ್ತಾಗುತ್ತದೆ. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿಯಾದ ಮಾರ್ಗ. ಅಲ್ಲಿಂದ ಅದು ಮಾನ್ಯತೆ ಪಡೆದ ರಕ್ಷಣಾ ಕೇಂದ್ರವನ್ನು ಸೇರಿ, ಹಾರಲು ಮತ್ತೆ ಅಭ್ಯಾಸ ಪಡೆದು, ಸಾಧ್ಯವಾದರೆ ಆಕಾಶಕ್ಕೆ ಮರಳಬಹುದು. ಇದು ಖಂಭಾತದ ಮೊದಲನೆಯ ಮಾರ್ಗ.

ಎರಡನೆಯ ಮಾರ್ಗವು ಇಂದು ಮುಖ್ಯವಾಗಿ ವಿದೇಶೀ ಗಿಳಿಗಳಿಗೆ ಅನ್ವಯಿಸುತ್ತದೆ. ಆಫ್ರಿಕದ ಬೂದುಗಿಳಿ, ದಕ್ಷಿಣ ಅಮೆರಿಕದ ಮಕಾವ್, ಆಸ್ಟ್ರೇಲಿಯದ ಕಾಕಟೂ ಮುಂತಾದವು ಇಲ್ಲಿ ಪಂಜರದಲ್ಲಿಯೇ ಹುಟ್ಟಿದವು. ಇವುಗಳಿಗೆ ಮರಳಲು ಇಲ್ಲಿ ಕಾಡಿಲ್ಲ. 40ರಿಂದ 60 ವರ್ಷಗಳವರೆಗೂ ಬಾಳಬಲ್ಲ ಈ ಹಕ್ಕಿಗಳು ಎಷ್ಟೋ ಸಲ ಕೊಂಡವರನ್ನೇ ಮೀರಿ ಬದುಕುತ್ತವೆ. ಯಜಮಾನರು ತೀರಿಕೊಂಡರು, ಮಕ್ಕಳು ಪರದೇಶಕ್ಕೆ ಹೋದರು, ಕೂಗಾಟ ನೆರೆಯವರಿಗೆ ಸಹಿಸದಾಯಿತು ಎಂಬ ಕಾರಣಗಳಿಂದ ಮುಪ್ಪಿನಲ್ಲಿ ಅನಾಥವಾಗುತ್ತವೆ. ಕಾಡಿನ ಬೂದುಗಿಳಿಗಳ ಸಂಖ್ಯೆ ಈ ವ್ಯಾಪಾರದಿಂದಲೇ ಕುಸಿದುದರಿಂದ 2016ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವು ಅದಕ್ಕೆ ಅತ್ಯುನ್ನತ ರಕ್ಷಣೆಯನ್ನು ನೀಡಿತು. ಆ ಒಪ್ಪಂದದ ಪಟ್ಟಿಗಳಲ್ಲಿರುವ ಜೀವಿಗಳನ್ನು ಹೊಂದಿರುವವರು ನೋಂದಣಿ ಮಾಡಿಸಬೇಕೆಂಬ ವಿಧಿಯನ್ನು ಭಾರತವು 2022ರ ತಿದ್ದುಪಡಿಯಲ್ಲಿ ಸೇರಿಸಿ, 2024ರಲ್ಲಿ ನಿಯಮಗಳನ್ನು ಹೊರಡಿಸಿತು. ಹಸ್ತಾಂತರವನ್ನೂ ಮರಣವನ್ನೂ ತಿಳಿಸಬೇಕಾಗುತ್ತದೆ. ಇಂಥ ಹಕ್ಕಿಯನ್ನು ಆಶ್ರಯಕ್ಕೆ ಪಡೆಯುವ ಕುಟುಂಬವು ಮೊದಲು ಈ ಪತ್ರಗಳನ್ನು ಸರಿಪಡಿಸಿಕೊಳ್ಳುವುದು ಅಚೌರ್ಯವ್ರತದ ದೃಷ್ಟಿಯಿಂದಲೂ ಯುಕ್ತ.

ಧರ್ಮಿಷ್ಠನ ಮನೆಯ ಲಕ್ಷಣ

ಖಂಭಾತದವರು ಹಕ್ಕಿಯನ್ನು ಕೇಳಿದವರಿಗೆಲ್ಲ ಕೊಡಲಿಲ್ಲ, ಧರ್ಮಿಷ್ಠನಿಗೆ ಕೊಟ್ಟರು. ಮುಪ್ಪಿನ ಗಿಳಿಯ ಪಾಲಿಗೆ ಧರ್ಮಿಷ್ಠನ ಮನೆಯೆಂದರೆ ಯಾವುದು? ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಮೊದಲಿನ ಮೂರನ್ನು ಇಲ್ಲಿ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಔಷಧದಾನವು ಹಕ್ಕಿಯು ಹೊಸ್ತಿಲು ದಾಟುವ ಮೊದಲೇ ಆರಂಭವಾಗುತ್ತದೆ. 1929-30ರಲ್ಲಿ, ಎಂದರೆ ದೆಹಲಿಯ ಆಸ್ಪತ್ರೆ ಹುಟ್ಟಿದ ಕಾಲದಲ್ಲಿಯೇ, ಗಿಳಿಗಳ ವ್ಯಾಪಾರದೊಡನೆ ಸಿಟಾಕೋಸಿಸ್ ಎಂಬ ಗಿಳಿಜ್ವರವು ಯುರೋಪು ಅಮೆರಿಕಗಳಿಗೆ ಹರಡಿ ಅನೇಕರ ಪ್ರಾಣವನ್ನು ತೆಗೆದುಕೊಂಡಿತು. ಇದು ಹಕ್ಕಿಯಿಂದ ಹಕ್ಕಿಗೂ ಹಕ್ಕಿಯಿಂದ ಮನುಷ್ಯನಿಗೂ ಅಂಟುವ ರೋಗ. ಗರಿಕೊಕ್ಕುಗಳನ್ನು ಕೆಡಿಸುವ ವೈರಾಣುರೋಗವೂ ಗಿಳಿಗಳಲ್ಲಿ ಉಂಟು. ಆದುದರಿಂದ ಹೊಸದಾಗಿ ಬಂದ ಗಿಳಿಯನ್ನು ಕನಿಷ್ಠ 30ರಿಂದ 45 ದಿನ ಬೇರೆ ಕೋಣೆಯಲ್ಲಿರಿಸಬೇಕು, ಅದರ ಪಾತ್ರೆಗಳು ಬೇರೆಯಾಗಿರಬೇಕು, ಹಳೆಯ ಹಕ್ಕಿಗಳ ಸೇವೆಯನ್ನು ಮುಗಿಸಿದ ಬಳಿಕವೇ ಅದರ ಬಳಿಗೆ ಹೋಗಬೇಕು. ಪಕ್ಷಿಚಿಕಿತ್ಸೆ ಬಲ್ಲ ವೈದ್ಯರಿಂದ ಪರೀಕ್ಷೆ ಮಾಡಿಸಿ, ತೂಕವನ್ನು ಆಗಾಗ ಗುರುತುಹಾಕಿಕೊಳ್ಳಬೇಕು. ರೋಗವನ್ನು ಮರೆಮಾಚುವುದು ಹಕ್ಕಿಗಳ ಸ್ವಭಾವ. ಎಷ್ಟೋ ಸಲ ತೂಕ ಇಳಿಯುವುದೇ ಮೊದಲ ಸೂಚನೆ.

ಆಹಾರದಾನದಲ್ಲಿ ಆತುರ ಸಲ್ಲದು. ಸೂರ್ಯಕಾಂತಿ ಬೀಜವನ್ನೇ ತಿಂದು ಬೆಳೆದ ಗಿಳಿಯಲ್ಲಿ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು, ಎ ಜೀವಸತ್ವದ ಕೊರತೆಯೂ ಕಾಣುತ್ತದೆ. ಸೊಪ್ಪು, ಕ್ಯಾರೆಟ್, ಕುಂಬಳ, ಬೇಯಿಸಿದ ಕಾಳುಗಳನ್ನು ವಾರಗಟ್ಟಲೆ ತಾಳ್ಮೆಯಿಂದ ರೂಢಿಮಾಡಿಸಬೇಕು. ಹಳೆಯ ಆಹಾರವನ್ನು ಒಮ್ಮೆಲೇ ನಿಲ್ಲಿಸಿದರೆ ಅದು ಉಪವಾಸವಿದ್ದುಬಿಡುತ್ತದೆ. ಬೆಣ್ಣೆಹಣ್ಣು ಮತ್ತು ಚಾಕೊಲೇಟು ಗಿಳಿಗೆ ವಿಷ. ಮಿತಿಮೀರಿ ಕಾದ ನಾನ್‌ಸ್ಟಿಕ್ ಪಾತ್ರೆಯಿಂದೇಳುವ ಹೊಗೆಯೂ ಅದನ್ನು ಕೊಲ್ಲಬಲ್ಲದು.

ಅಭಯದಾನವೇ ಇವುಗಳಲ್ಲಿ ಕಠಿನ. ಮುಪ್ಪಿನ ಗಿಳಿಗೆ ಕೀಲುಗಳು ನೋಯುತ್ತವೆ, ಕಣ್ಣಿಗೆ ಪೊರೆ ಬಂದಿರುತ್ತದೆ. ಕುಳಿತುಕೊಳ್ಳುವ ಕೋಲುಗಳು ತಗ್ಗಿನಲ್ಲಿಯೂ ಬೇರೆ ಬೇರೆ ದಪ್ಪದಲ್ಲಿಯೂ ಇರಬೇಕು, ವಸ್ತುಗಳ ಸ್ಥಾನವನ್ನು ದಿನದಿನಕ್ಕೆ ಬದಲಿಸಬಾರದು. ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುವ ಗಿಳಿಯನ್ನು ಗದರುವುದರಿಂದ ಫಲವಿಲ್ಲ, ಅದು ರೋಗದ ಅಥವಾ ಒಂಟಿತನದ ಕುರುಹು. ಪ್ರತ್ಯೇಕವಾಸ ಮುಗಿದ ಮೇಲೂ ಅದನ್ನು ಇತರ ಹಕ್ಕಿಗಳ ಗೂಡಿನೊಳಗೆ ಸೇರಿಸುವಂತಿಲ್ಲ. ಮೊದಲು ಧ್ವನಿ ಮಾತ್ರ ಕೇಳಿಸಲಿ, ಅನಂತರ ದೂರದಿಂದ ಕಾಣಿಸಲಿ, ಬಳಿಕ ಯಾವ ಹಕ್ಕಿಯೂ ತನ್ನದೆಂದು ಭಾವಿಸದ ಜಾಗದಲ್ಲಿ ಮನೆಯವರ ಕಣ್ಣೆದುರು ಸ್ವಲ್ಪ ಹೊತ್ತು ಭೇಟಿಯಾಗಲಿ. ದೊಡ್ಡ ಗಿಳಿಯ ಕೊಕ್ಕಿನ ಒಂದು ಕಡಿತಕ್ಕೆ ಸಣ್ಣ ಹಕ್ಕಿಯ ಕಾಲೇ ಹೋದೀತು. ಕೆಲವು ಹಕ್ಕಿಗಳು ಎಂದಿಗೂ ಒಂದೇ ಗೂಡನ್ನು ಹಂಚಿಕೊಳ್ಳುವುದಿಲ್ಲ. ಎರಡು ಗೂಡುಗಳಿಂದ ಒಂದನ್ನೊಂದು ಕರೆಯುತ್ತ ನೆಮ್ಮದಿಯಾಗಿದ್ದರೆ ಅದೇ ಸಾಕು. ಅವು ಜೊತೆಯಾಗಿ ಕುಳಿತ ಚಿತ್ರವನ್ನು ಕಾಣಬೇಕೆಂಬ ಆಸೆ ಮನುಷ್ಯನದು, ಹಕ್ಕಿಯದಲ್ಲ. ಹೊಸ ಗಿಳಿಯ ಸೇವೆಯಲ್ಲಿ ಹಳೆಯ ಹಕ್ಕಿಗಳು ಅಲಕ್ಷಿತವಾಗಿ ಸೊರಗಿದರೆ ಆ ದಯೆಯೂ ಅಪೂರ್ಣ. ಇರುವ ಹಕ್ಕಿಗಳಿಗೆ ಅಪಾಯವಿದೆಯೆಂದು ಕಂಡಾಗ ಹೊಸ ಹಕ್ಕಿಯನ್ನು ತಾರದೆ, ಅದರ ಪೋಷಣೆಗೆ ಬೇರೆಡೆ ನೆರವಾಗುವುದೂ ಧರ್ಮವೇ.

ಮನೆಯಲ್ಲಿ ಸ್ಥಳವಿಲ್ಲದವರಿಗೂ ಈ ದಾನದಲ್ಲಿ ಪಾಲುಂಟು. ಬಿಡುಗಡೆಗೆಂದು ಪೇಟೆಯಲ್ಲಿ ಹಕ್ಕಿ ಕೊಳ್ಳುವ ಹಣವನ್ನು ಬಸದಿಯ ಆಡಳಿತದವರು ಮಾನ್ಯತೆ ಪಡೆದ ರಕ್ಷಣಾ ಕೇಂದ್ರವೊಂದರ ಹಾರಾಟದ ಆವರಣಕ್ಕೋ, ಒಬ್ಬ ಪಕ್ಷಿವೈದ್ಯರ ವೇತನಕ್ಕೋ ಕೊಟ್ಟರೆ, ಅದೇ ಹಣದಿಂದ ಎಷ್ಟೋ ಹಕ್ಕಿಗಳು ನಿಜವಾಗಿ ಬಿಡುಗಡೆ ಹೊಂದುತ್ತವೆ.

ಮುಪ್ಪಿನ ಗಿಳಿ ಹೊಸ ಮಾತನ್ನು ಕಲಿಯದಿರಬಹುದು. ಹಳೆಯ ಮನೆಯ ಯಾರದೋ ಹೆಸರನ್ನು ಕೊನೆಯವರೆಗೂ ಕೂಗುತ್ತಿರಬಹುದು. ಕೈಮೇಲೆ ಕೂರದೆ, ಕಚ್ಚುತ್ತಲೇ ಇದ್ದು ತೀರಿಕೊಳ್ಳಬಹುದು. ಪ್ರತಿಫಲವನ್ನು ನಿರೀಕ್ಷಿಸದೆ ಅದರ ಪಾತ್ರೆಯನ್ನು ದಿನವೂ ತೊಳೆದು ನೀರಿಡುವ ಕೈಗಳು, ಖಂಭಾತದಲ್ಲಿ ಗರಿಯ ತುದಿಯಿಂದ ಹಾಲುಣಿಸುತ್ತಿದ್ದ ಆ ವೃದ್ಧನ ಕೈಗಳ ಕೆಲಸವನ್ನೇ ಮುಂದುವರಿಸುತ್ತವೆ. ಆತನ ಹೆಸರನ್ನು ಯಾರೂ ಬರೆದಿಡಲಿಲ್ಲ. ಆತನ ದಯೆಯ ಕ್ರಮ ಮಾತ್ರ ಉಳಿದುಬಂದಿದೆ.